ಮಗನ ಸೂಟಿನ ಅಳತೆ: ಹಾವೇರಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ಮೊನ್ನೆ ಫೋನಿನಲ್ಲಿ, ನಿನ್ನ ತಮ್ಮನ ಮದುವೆಗೆ ಮಗನಿಗೆ ಸೂಟು ತಗೊಳ್ಳೋ ಮಾತು ಬಂದಾಗ ನೀನು "ಎರಡು ಸೈಜ್ ದೊಡ್ಡದ ತರೋಣ, ಮುಂದ ನಡೀತದ" ಅಂದೆ. ನಾನೂ ಹೂಂ ಅಂದುಬಿಟ್ಟೆ. ರಾತ್ರಿ ಕಪಾಟು ತೆಗೆದಾಗ ನನ್ನ ಮಗನ ಕೋಟು ಕಣ್ಣಿಗೆ ಬಿತ್ತು. ಮತ್ತೆ ಫೋನ್ ಮಾಡಿದರೆ ನೀನು ಪೂರ್ತಿ ಕೇಳಿಸಿಕೊಳ್ಳೋದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಪ್ಪಂದಿರು ಜೂನ್ ತಿಂಗಳಲ್ಲಿ ನಮಗೆ ಶಾಲೆ ಚಡ್ಡಿ ಹೊಲಿಸುತ್ತಿದ್ದರಲ್ಲ, ಮೊದಲ ವರ್ಷ ಉಡದಾರ ಬಿಗಿದು ಹಿಡಿದುಕೊಂಡು ಓಡಬೇಕಿತ್ತು. ಆ ಬುದ್ಧಿ ನಮಗೂ ಬಂದಿದೆ. ಚಡ್ಡಿಗೆ ನಡೆಯುತ್ತದೆ, ಸೂಟಿಗೆ ನಡೆಯೋದಿಲ್ಲ. ಹೋದ ವರ್ಷ ಒಂದು ನಿಶ್ಚಿತಾರ್ಥಕ್ಕೆ ಹೋಗಬೇಕಿತ್ತು ಅಂತ ಇಲ್ಲೇ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಮಗನಿಗೆ ಸೂಟು ಕೊಂಡೆ. ಅಂಗಡಿಯವನೂ "ಬೆಳಿಯೋ ಹುಡುಗ್ರೀ, ದೊಡ್ಡದ ಒಯ್ರಿ" ಅಂದ. ಮನೆಗೆ ತಂದು ಹಾಕಿಸಿದರೆ ಭುಜ ಎರಡು ಇಂಚು ಕೆಳಗೆ ಜೋತು ಬಿದ್ದಿತ್ತು. ಓಣಿಯ ಟೇಲರ್ ಕಾಕಾ ನೋಡಿ ನಕ್ಕ: "ತೋಳು ಕಮ್ಮಿ ಮಾಡ್ತೀನ್ರಿ, ಸೊಂಟ ಹಿಡಿತೀನ್ರಿ. ಭುಜ ಮಾತ್ರ ಕೇಳಬ್ಯಾಡ್ರಿ, ಇಡೀ ಕೋಟ ಬಿಚ್ಚಿ ಹೊಲಿದಂಗ ಆಗತೈತಿ." ಫೋಟೋದಲ್ಲಿ ಹುಡುಗ ನನ್ನ ಕೋಟು ಕದ್ದು ಹಾಕಿಕೊಂಡವನ ಹಾಗೆ ಕಾಣುತ್ತಾನೆ. ಸರಿ, ಈ ವರ್ಷವಾದರೂ ಬಂತೇನು ಅಂತ ಹಾಕಿಸಿದೆ. ಭುಜ ಇನ್ನೂ ದೊಡ್ಡದೇ, ಪ್ಯಾಂಟು ಮಾತ್ರ ಆಗಲೇ ಹಿಮ್ಮಡಿ ಬಿಟ್ಟು ಮೇಲೆ ನಿಂತಿದೆ!

ಕಾರಣ ಸುಲಭ. ಈ ವಯಸ್ಸಿನಲ್ಲಿ ಮೊದಲು ಪಾದ ಬೆಳೆಯುತ್ತದೆ, ಆಮೇಲೆ ಕೈಕಾಲು ಉದ್ದವಾಗುತ್ತವೆ, ಭುಜ ಅಗಲವಾಗೋದು ಕೊನೆಗೆ. 13–14ರ ಸುಮಾರಿಗೆ ಜೋರಾಗಿ ಬೆಳೆಯುವಾಗ ವರ್ಷಕ್ಕೆ ಸುಮಾರು 9 ಸೆಂಟಿಮೀಟರ್ ಎತ್ತರ ಏರುತ್ತಾರೆ. ಹಾಗಾಗಿ ನಾಳೆಗೆ ಅಂತ ಬಟ್ಟೆ ಉಳಿಸುವುದಿದ್ದರೆ ಉದ್ದದಲ್ಲಿ, ಒಳಗಿನ ಮಡಿಕೆಯಲ್ಲಿ ಉಳಿಸು. ಭುಜ ಮಾತ್ರ ಇವತ್ತಿನ ಅಳತೆಗೇ ಇರಲಿ. ಭುಜದ ಹೊಲಿಗೆ ಅವನ ಭುಜದ ಎಲುಬು ಮುಗಿಯುವಲ್ಲೇ ಮುಗಿಯಬೇಕು.

ರೆಡಿಮೇಡ್ ತಗೊಂಡರೆ ಚೀಟಿಯಲ್ಲಿ ಬರೆದ ವಯಸ್ಸು ನಂಬಬೇಡ. ನಿನ್ನ ಮಗ ತೆಳ್ಳಗೆ, ಉದ್ದ. ಹುಡುಗರ ಸೈಜು ಮುಗಿದು ಗಂಡಸರ ಸೈಜು ಶುರುವಾಗುವ ಜಾಗದಲ್ಲಿ ಇದ್ದಾನೆ. ಅಲ್ಲೇ ಎಲ್ಲರೂ ಮೋಸ ಹೋಗೋದು, ಉದ್ದ ಸರಿಯಾದರೆ ಎದೆ ದೊಗಳೆ. ಟೇಪು ಹಿಡಿದು ಎದೆ ಅಳೆಸು. ಗುಂಡಿ ಹಾಕಿಸಿ ನೋಡು, ಒಳಗೆ ಒಂದು ಮುಷ್ಟಿ ಆರಾಮಾಗಿ ಹಿಡಿಸಿದರೆ ಸಾಕು. ಗುಂಡಿಯ ಹತ್ತಿರ ಬಟ್ಟೆ ಜಗ್ಗಿ ನೆರಿಗೆ ಬಿದ್ದರೆ ಬಿಗಿ. ಮದುವೆಯಲ್ಲಿ ಅಕ್ಕಿಕಾಳು (ಅಕ್ಷತೆ) ಹಾಕುವ ಹಾಗೆ ಕೈ ಎತ್ತಿಸು, ಕುರ್ಚಿ ಮೇಲೆ ಕೂಡಿಸು. ಕೋಟಿನ ಕಾಲರ್ ಕತ್ತಿನ ಹಿಂದೆ ಎದ್ದು ನಿಂತರೆ ಅದು ಅವನ ಕೋಟಲ್ಲ. ತೋಳಿನ ತುದಿಯಿಂದ ಅಂಗಿ ಅರ್ಧ ಇಂಚು ಹೊರಗೆ ಕಂಡರೆ ಚಂದ.

ನನ್ನ ಕೇಳಿದರೆ ಹೊಲಿಸುವುದೇ ಒಳ್ಳೇದು. ಮದುವೆ ಸೀಜನ್ನಿನಲ್ಲಿ ಟೇಲರುಗಳು ಕೈಗೆ ಸಿಗೋದಿಲ್ಲ, ಈಗಲೇ ಹೇಳಿಡಬೇಕು. ಬಟ್ಟೆ ಈಗ ಕೊಡು, ಕೊನೆಯ ಟ್ರಯಲ್ ಮದುವೆಗೆ ಹದಿನೈದು ದಿನ ಇದ್ದಾಗ ಇಟ್ಟುಕೋ. ಪ್ಯಾಂಟಿನ ಕೆಳಗೆ ಮೂರು ಇಂಚು ಒಳಗೆ ಮಡಚಿ ಬಿಡಲು ಹೇಳು, ತೋಳಿಗೆ ಒಂದೂವರೆ, ಸೊಂಟದ ಹಿಂದಿನ ಹೊಲಿಗೆಯಲ್ಲಿ ಒಂದು. ಇನ್ನೊಂದು, ತೋಳಿನ ತುದಿಯ ಗುಂಡಿಗಳಿಗೆ ಕಾಜಾ ಕತ್ತರಿಸುವುದು ಬೇಡ ಅನ್ನು. ಸುಮ್ನೆ ಮೇಲೆ ಗುಂಡಿ ಹಚ್ಚಿದರೆ ಸಾಕು. ಕಾಜಾ ಕತ್ತರಿಸಿದ ಮೇಲೆ ತೋಳು ಬಿಚ್ಚಿ ಉದ್ದ ಮಾಡಿದರೆ ತೂತುಗಳು ಮೇಲಕ್ಕೆ ಹೋಗಿ ಕೂಡುತ್ತವೆ. ಎಲ್ಲಕ್ಕಿಂತ ಮುಖ್ಯ, ಅದೇ ಥಾನಿನಿಂದ ಇನ್ನೊಂದು ಪ್ಯಾಂಟಿನ ಬಟ್ಟೆ, ಒಂದೂಕಾಲು ಮೀಟರ್ ಜಾಸ್ತಿ ತಗೋ. ಹೊಲಿಸಬೇಡ, ಹಾಗೇ ಇಟ್ಟುಕೋ. ಪ್ಯಾಂಟು ಮೊದಲು ಗಿಡ್ಡ ಆಗುತ್ತದೆ, ಕೋಟು ಇನ್ನೊಂದು ವರ್ಷ ಎಳೆಯುತ್ತದೆ. ಈ ಯುಕ್ತಿ ಹೋದ ವರ್ಷ ನನಗೆ ಹೊಳೆದಿದ್ದರೆ!

ವೈನಿಯವರಿಗೆ ವೆಲ್ವೆಟ್ ಬ್ಲೇಜರ್ ಮನಸ್ಸಿದೆ ಅಂದೆಯಲ್ಲ. ನಿನ್ನ ತಮ್ಮನ ಮದುವೆ ಮೇ ತಿಂಗಳಲ್ಲಿ, ಅಕ್ಕಿಕಾಳು ಬೀಳೋದು ನಡುಮಧ್ಯಾಹ್ನ. ಹುಡುಗ ಬೆವರಿ ಹತ್ತು ನಿಮಿಷಕ್ಕೇ ಅದನ್ನು ಯಾವುದೋ ಕುರ್ಚಿ ಮೇಲೆ ಬಿಸಾಡಿ ಓಡುತ್ತಾನೆ. ನಾನೇ ಹೇಳಿದೆ ಅನ್ನಬೇಡ ಮತ್ತೆ. ತೆಳು ಪಾಲಿ ವಿಸ್ಕೋಸ್ (ಪಾಲಿಯೆಸ್ಟರ್, ವಿಸ್ಕೋಸ್ ಎರಡೂ ಬೆರೆತ) ಬಟ್ಟೆ ಸಾಕು. ಕಪ್ಪಿಗಿಂತ ನೇವಿ ಬ್ಲೂ ವಾಸಿ, ಪ್ಯಾಂಟು ಗಿಡ್ಡ ಆದ ಮೇಲೂ ಕೋಟನ್ನು ಬೇರೆ ಬಣ್ಣದ ಪ್ಯಾಂಟಿನ ಮೇಲೆ ಹಾಕಬಹುದು. ಒಂದೇ ದಿನದ ಶೋಕಿಗಾದರೆ ಬಾಡಿಗೆಗೂ ಸಿಗುತ್ತವೆ, ಅಲ್ಲೂ ಭುಜ ನೋಡಿಯೇ ತಗೋ.

ಶನಿವಾರ ಮುಂಜಾನೆಯ ಬಸ್ಸಿಗೆ ನೀನೂ ಮಗನೂ ಬನ್ನಿ. ದುರ್ಗದಬೈಲಿನಲ್ಲಿ ಗಿರ್ಮಿಟ್ಟು, ಮಿರ್ಚಿ ನನ್ನ ಲೆಕ್ಕ. ಆದರೆ ಅಳತೆ ಕೊಟ್ಟ ಮೇಲೆ, ತಿಂದು ಹೋದರೆ ಸೊಂಟದ ಅಳತೆ ತಪ್ಪುತ್ತದೆ. ಮದುವೆಗೆ ಹಾಕುವ ಅಂಗಿ, ಬೂಟು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಾ. ಚಪ್ಪಲಿ ಮೇಲೆ ಪ್ಯಾಂಟಿನ ಉದ್ದ ಅಳೆಸಿ ನಾನು ಪಟ್ಟ ಪಾಡನ್ನು ಬಂದ ಮೇಲೆ ಹೇಳುತ್ತೇನೆ.

ನಿನ್ನ ದೋಸ್ತ,
ಹುಬ್ಬಳ್ಳಿಯಿಂದ