ಮಗಳೇ, ಸೇಡಂ ದಾರಿಗೆ ಬರಬೇಡ

ಕಲಬುರಗಿ, ಜಯದೇವ ದವಾಖಾನೆ
ರಾತ್ರಿ ಹನ್ನೊಂದೂವರೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಸಂಜೆ ಫೋನಿನಲ್ಲಿ ನೀನು ಕೂಗಾಡಿದ್ದು ಸರಿ ಇತ್ತು. ನಾನು ತಿರುಗಿ ಕೂಗಿದ್ದು ತಪ್ಪು. ಬಾಯಿ ತೆರೆದರೆ ನನಗೆ ಸಿಟ್ಟೇ ಮುಂದೆ ಬರುತ್ತದೆ, ಹೇಳಬೇಕಾದ್ದು ಹಿಂದೆ ಉಳಿಯುತ್ತದೆ. ಅದಕ್ಕೇ ಬರೆಯಲು ಕೂತೆ. ನಿನ್ನ ತಮ್ಮ ಇದರ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಾನೆ. ಶಾರ್ಜಾದಲ್ಲಿ ವಿಮಾನ ಹತ್ತುವ ಮೊದಲು ಓದು.

ಮೊದಲು ನಿಮ್ಮವ್ವನ ಸುದ್ದಿ. ಮುಂಗೈಯಿಂದ ತಂತಿ ಹಾಕಿ ಒಂದು ಸ್ಟೆಂಟ್ ಕೂಡಿಸಿದ್ದಾರೆ. ಮಾತಾಡುತ್ತಾಳೆ. ಸಂಜೆ ನಾಲ್ಕು ಚಮಚ ಗಂಜಿ ಕುಡಿದಳು. ಎಚ್ಚರಾದ ಕೂಡಲೆ ಕೇಳಿದ್ದು ನಿನ್ನನ್ನೇ. ಇದನ್ನು ನಿನ್ನ ಸಮಾಧಾನಕ್ಕೆ ಕಟ್ಟಿ ಹೇಳುತ್ತಿಲ್ಲ, ಖರೆ ಖರೆ.

ಮೂರು ದಿನ ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆಯಲ್ಲ. ನೀನು ಹೋಗುವ ದಿನ ಪಡಸಾಲೆಯಲ್ಲಿ ಆದ ಮಾತು ಇಬ್ಬರಿಗೂ ಗೊತ್ತು, ಅದು ಇಲ್ಲಿ ಬೇಡ. ಅಂದು ಅಂಥ ಮಾತು ಆಡಿದ ಬಾಯಿಂದ ಇಂದು ‘ಬಾ’ ಎಂದು ಹೇಗೆ ಕರೆಯಲಿ ಎಂದು ಕೂತುಬಿಟ್ಟೆ. ಇನ್ನೊಂದೂ ಇದೆ. ಅವತ್ತು ಮುಂಜಾನೆ ಅವಳಿಗೆ ಎದೆ ನೋವು ಅಂತ ಇರಲೇ ಇಲ್ಲ. ಬೆನ್ನು ಹಿಡಿದಿದೆ, ದವಡೆ ಜಗ್ಗುತ್ತಿದೆ, ವಾಂತಿ ಬಂದಂಗಾಗತದ ಅಂದಳು. ನಾನು ಅಜವಾನ ಕೊಟ್ಟೆ, ಸೋಡಾ ಕುಡಿಸಿದೆ. ಓಣಿಯ ದವಾಖಾನೆಯೊಂದರಲ್ಲಿ ಗ್ಯಾಸ್ ಎಂದು ಇಂಜೆಕ್ಷನ್ ಚುಚ್ಚಿ ಕಳಿಸಿದರು, ಇಸಿಜಿ ತೆಗೆಯಲಿಲ್ಲ. ನಾನೂ ಕೇಳಲಿಲ್ಲ. ಹೆಂಗಸರಿಗೆ ಹೃದಯದ ನೋವು ಹೀಗೂ ಬರುತ್ತದೆ ಎಂದು ಇಲ್ಲಿನ ಡಾಕ್ಟರು ಹೇಳಿದಾಗ ತಲೆ ತಗ್ಗಿಸಿ ನಿಂತೆ. ಆ ತಾಸುಗಳ ಲೆಕ್ಕ ನಿನಗೆ ಹೇಗೆ ಒಪ್ಪಿಸಲಿ?

ಈಗ ದಾರಿಯ ಮಾತು. ನಮ್ಮೂರಿನಲ್ಲೇ ಏರ್‌ಪೋರ್ಟ್ ಇದೆಯಲ್ಲ ಎಂದು ನೀನು ಅಂದೆ. ಶ್ರೀನಿವಾಸ ಸರಡಗಿಯಲ್ಲಿ 2019ರ ನವೆಂಬರ್ 22ರಂದು ಅದು ಸುರುವಾದಾಗ ನಿಮ್ಮವ್ವ ‘ಇನ್ನ ಮಗಳು ಬಾಗಿಲಿಗೇ ಬಂದು ಇಳೀತಾಳ’ ಎಂದು ಓಣಿಗೆಲ್ಲ ಹೇಳಿದ್ದಳು. ಆದರೆ ಶಾರ್ಜಾದಿಂದ ಅಲ್ಲಿಗೆ ನೇರ ವಿಮಾನ ಇಲ್ಲ. ನೀನು ಹೈದರಾಬಾದಿನ ಶಂಷಾಬಾದಿನಲ್ಲೇ ಇಳಿಯಬೇಕು, ಅಲ್ಲಿಂದ ಗಾಡಿ. ರೈಲಿನ ಆಸೆ ಬೇಡ. ವಿಮಾನ ನಿಲ್ದಾಣದಿಂದ ಸ್ಟೇಷನ್ನಿಗೆ ಹೋಗಿ, ರೈಲು ಕಾದು, ವಾಡಿ ಸುತ್ತಿ ಬರುವಷ್ಟರಲ್ಲಿ ದಿನವೇ ಹೋಗುತ್ತದೆ.

ಡ್ರೈವರು ಮೊಬೈಲಿನ ಮ್ಯಾಪು ನೋಡಿ ತಾಂಡೂರು, ಸೇಡಂ ದಾರಿ ಹಿಡಿಯುತ್ತೇನೆ ಅನ್ನುತ್ತಾನೆ. ಹತ್ತಿರ ಅದೇ. ನೀನು ಒಪ್ಪಬೇಡ. ಭಾದ್ರಪದದ ಮಳೆ ನಾಲ್ಕು ದಿನದಿಂದ ಹಿಡಿದಿದೆ. ಮಳಖೇಡದಲ್ಲಿ ಕಾಗಿಣಾ ನದಿ ಏರಿದರೆ ಇವತ್ತಿಗೂ ಸೇಡಂ–ಕಲಬುರಗಿ ರಸ್ತೆ ಬಂದ್ ಆಗುತ್ತದೆ.

ನಿಮ್ಮ ಮುತ್ಯಾ ಹಾರ್ಟ್ ಅಟ್ಯಾಕಿನಿಂದ ಹೋದರು ಎಂದಷ್ಟೇ ನಿನಗೆ ಗೊತ್ತು. ಎಲ್ಲಿ ಹೋದರು ಎಂದು ನಾನು ಯಾರಿಗೂ ಹೇಳಿಲ್ಲ, ನಿಮ್ಮವ್ವನಿಗೆ ಬಿಟ್ಟರೆ.

ನೀನು ಹುಟ್ಟುವ ನಾಲ್ಕು ವರ್ಷ ಮೊದಲು. ಹೆಸರುಕಾಯಿ ಬಿಡಿಸುವ ದಿನಗಳು. ಹೊಲದಿಂದ ಬಂದವರು ಕಟ್ಟೆಯ ಮೇಲೆ ಕೂತರು, ಧೋತರ ತೊಯ್ಯುವಷ್ಟು ಬೆವರು. ಆಗ 108 ಎಲ್ಲಿತ್ತು, ಅದು ಬಂದದ್ದೇ 2008ರಲ್ಲಿ. ಊರವರೊಬ್ಬರ ಜೀಪಿನಲ್ಲಿ ಹಾಕಿಕೊಂಡು ಸೇಡಂಗೆ ತಂದೆವು. ‘ಗುಲ್ಬರ್ಗಾಕ್ಕ ಒಯ್ರಿ, ತಡ ಮಾಡಬ್ಯಾಡ್ರಿ’ ಎಂದರು ಡಾಕ್ಟರು. ಮಳಖೇಡಕ್ಕೆ ಬಂದಾಗ ರಾತ್ರಿ ಹತ್ತು. ಸೇತುವೆಯ ಮೇಲೆ ನೀರು. ಸಿಮೆಂಟಿನ ಲಾರಿಗಳು ಸಾಲಾಗಿ ನಿಂತಿದ್ದವು. ದಂಡೋತಿ ಸೇತುವೆನೂ ಮುಳುಗ್ಯಾದ ಎಂದು ಲಾರಿಯವರು ಹೇಳಿದರು.

ಜೀಪಿನ ಡ್ರೈವರು ನೀರಿನ ಅಂಚಿಗೆ ಒಂದು ಕಲ್ಲು ಇಟ್ಟ, ಏರಿದ್ದೋ ಇಳಿದದ್ದೋ ತಿಳಿಯಲಿ ಎಂದು. ತೆಂಗಿನಕಾಯಿ ಗಾತ್ರದ, ಒಂದು ಮಗ್ಗುಲು ಒಡೆದ ಕಲ್ಲು. ಹೆಡ್‌ಲೈಟಿನಲ್ಲಿ ಅದೊಂದೇ ಕಾಣುತ್ತಿತ್ತು, ಅದರಾಚೆ ಕರಿಮಣ್ಣಿನ ನೀರು. ಸ್ವಲ್ಪ ಹೊತ್ತಿಗೆ ಕಲ್ಲಿನ ಬುಡ ತೊಯ್ದಿತು. ಆಮೇಲೆ ಅರ್ಧ ಮುಳುಗಿತು. ಆಮೇಲೆ ಕಾಣಲಿಲ್ಲ. ನಿಮ್ಮ ಮುತ್ಯಾ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದರು. ‘ನೀರು ಇಳೀತೇನಪಾ?’ ಎಂದು ಕೇಳಿದರು. ‘ಇಳ್ಯಾಕತ್ತದ ಅಪ್ಪಾ’ ಎಂದೆ. ಮತ್ತೆ ಕೇಳಿದರು, ಮತ್ತೆ ಅದನ್ನೇ ಹೇಳಿದೆ. ಮೂರು ಸಲ ಕೇಳಿದರು.

ನಸುಕಿನಲ್ಲಿ ಮಳೆ ನಿಂತಿತು. ಕಲ್ಲು ಇಟ್ಟಲ್ಲೇ ಇತ್ತು, ಸುತ್ತ ಬರೀ ಕೆಸರು. ಲಾರಿಗಳು ಒಂದೊಂದೇ ದಾಟತೊಡಗಿದವು. ನಾವು ಜೀಪು ಊರ ಕಡೆಗೆ ತಿರುವಿದೆವು.

ಆಮೇಲೆ ಎಷ್ಟೋ ಸಲ ಶಾಲೆಯ ಮಕ್ಕಳನ್ನು ಮಳಖೇಡದ ಕೋಟೆಗೆ ಕರೆದೊಯ್ದಿದ್ದೇನೆ. ರಾಷ್ಟ್ರಕೂಟರ ರಾಜಧಾನಿ, ನೃಪತುಂಗ ಆಳಿದ ನೆಲ ಎಂದು ಪಾಠ ಹೇಳಿದ್ದೇನೆ. ಸೇತುವೆ ಬಂದಾಗ ಮಾತ್ರ ಕಿಟಕಿಯ ಹೊರಗೆ ನೋಡಿಲ್ಲ. ಅಂದು ಸೇಡಂನಲ್ಲೇ ಯಾರನ್ನಾದರೂ ನದಿಯ ಸುದ್ದಿ ಕೇಳಿದ್ದರೆ, ಚಿಂಚೋಳಿ ಕಡೆಯಿಂದ ಸುತ್ತಿ ಬಂದಿದ್ದರೆ ಎಂದು ಇಷ್ಟು ವರ್ಷವಾದರೂ ಲೆಕ್ಕ ಹಾಕುತ್ತೇನೆ. ಎರಡು ತಾಸು ಜಾಸ್ತಿ ಆಗುತ್ತಿತ್ತು, ಮೂರು ಆಗುತ್ತಿತ್ತು. ಆ ದಾರಿಯೂ ಬಂದ್ ಇತ್ತೋ ಏನೋ. ಕೇಳಲಿಲ್ಲವಲ್ಲ.

ಆದ್ದರಿಂದ ನೀನು ದೊಡ್ಡ ದಾರಿಗೆ ಬಾ. ಶಂಷಾಬಾದಿನಿಂದ ಔಟರ್ ರಿಂಗ್ ರೋಡ್ ಹಿಡಿದು ಪಟಾನ್‌ಚೆರು ಹತ್ತಿರ ಮುಂಬೈ ಹೆದ್ದಾರಿಗೆ ಇಳಿಯಬೇಕು. ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದ್ ದಾಟಿದರೆ ನಮ್ಮ ಬೀದರ ಜಿಲ್ಲೆ. ಹುಮನಾಬಾದಿನಲ್ಲಿ ಎಡಕ್ಕೆ ತಿರುಗಿ ಕಿಣ್ಣಿ ಸಡಕ್, ಕಮಲಾಪುರದ ಮೇಲೆ ಬಾ. ಕಲಬುರಗಿ ಬಂದ ಮೇಲೆ ಊರೊಳಗೆ ಹೊಗಬೇಡ, ಹುಮನಾಬಾದ್ ರಿಂಗ್ ರೋಡಿನಿಂದ ಹಾಗೇ ಸೇಡಂ ರೋಡಿಗೆ ಬಂದರೆ ದವಾಖಾನೆ. 2024ರ ಡಿಸೆಂಬರಿನಲ್ಲಿ ಸುರುವಾದ ಹೊಸ ಕಟ್ಟಡ ಇದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ಕಲಮಿನ ನೆನಪಿಗೆ 371 ಹಾಸಿಗೆ. ಮುತ್ಯಾನ ಕಾಲಕ್ಕೆ ಎದೆ ಹಿಡಿದವರನ್ನು ಇಲ್ಲಿಂದ ಮತ್ತೆ ಸೊಲ್ಲಾಪುರಕ್ಕೆ ಒಯ್ಯಬೇಕಿತ್ತು. ನಿಮ್ಮವ್ವನಿಗೆ ನಮ್ಮೂರಲ್ಲೇ ಸ್ಟೆಂಟ್ ಬಿತ್ತು. ಹೊರಗೆ ಬೆಂಚಿನ ಮೇಲೆ ಕೂತು ನಾನು ಕೈ ಮುಗಿದದ್ದು ಯಾರಿಗೆಂದು ನನಗೇ ಗೊತ್ತಿಲ್ಲ.

ಗಾಡಿಯನ್ನು ನಿಲ್ದಾಣದ ಒಳಗಿನ ಕೌಂಟರಿನಲ್ಲೇ ಮಾಡು, ಹೊರಗೆ ಬಂದು ಕರೆಯುವವರ ಹಿಂದೆ ಹೋಗಬೇಡ. ಗಾಡಿ ನಂಬರಿನ ಫೋಟೊ ತಮ್ಮನಿಗೆ ಕಳಿಸು. ಬಳೆ ತೆಗೆದು ಒಳಗಿಡು. ಡ್ರೈವರಿಗೆ ಜಹೀರಾಬಾದಿನಲ್ಲಿ ಚಹಾ ಕುಡಿಸು, ನಿದ್ದೆಗಣ್ಣಲ್ಲಿ ಓಡಿಸುವುದು ಬೇಡ. ನೀನೂ ಏನಾದರೂ ತಿನ್ನು, ಹೊಟ್ಟೆ ಖಾಲಿ ಇಟ್ಟುಕೊಂಡು ಬಂದು ಇಲ್ಲಿ ಬಿದ್ದರೆ ಇಬ್ಬರನ್ನು ನೋಡುವ ಶಕ್ತಿ ನನಗಿಲ್ಲ. ಅವ್ವನ ಮುಂದೆ ಅಳಬೇಡ. ತಮ್ಮನನ್ನು ಬೈಯಬೇಡ, ಹೇಳಬೇಡ ಎಂದು ಅವನ ಬಾಯಿ ಕಟ್ಟಿದವನು ನಾನು. ಅಲ್ಲಿ ನಿನಗೂ ಎಂದಾದರೂ ಬೆನ್ನು, ದವಡೆ, ಎಡಗೈ ಜಗ್ಗಿದರೆ ಗ್ಯಾಸ್ ಎಂದು ಕೂಡಬೇಡ. ಕೆಲಸ ಕೆಲಸ ಎಂದು ರಾತ್ರಿ ಊಟ ಬಿಡುತ್ತೀಯಂತೆ, ತಮ್ಮ ಹೇಳಿದ. ಯಾರಿಗೋಸ್ಕರ ಅಷ್ಟು ದುಡಿಯುವುದು? ರೊಕ್ಕ ಮನುಷ್ಯನಿಗಿಂತ... ಇರಲಿ. ಮತ್ತೆ ಮಾಸ್ತರಿಕೆ ಸುರು ಮಾಡಿದೆ ಎಂದು ಅನ್ನಬೇಡ ತಾಯಿ.

ಇದನ್ನು ಮಾತ್ರ ಹೇಳಲೇಬೇಕು. ಸಂಜೆ ಫೋನ್ ಕೊಡಿಸಿಕೊಂಡು ನೀನು ಡಾಕ್ಟರ ಹತ್ತಿರ ಮಾತಾಡಿದೆಯಲ್ಲ, ಯಾವ ರಕ್ತನಾಳ, ಯಾವ ಗುಳಿಗೆ, ಎಷ್ಟು ದಿನ ಎಂದೆಲ್ಲ ಕೇಳಿ. ಅವರು ಫೋನ್ ಕೊಡುತ್ತ ‘ಮಗಳು ಡಾಕ್ಟರೇನ್ರಿ?’ ಎಂದರು. ‘ಅಲ್ರಿ, ಫಾರ್ಮಸಿ ಓದ್ಯಾಳ’ ಎಂದೆ. ಆ ಓದಿಗೆ ನಾನು ಎಷ್ಟು ಅಡ್ಡ ಮಾತಾಡಿದ್ದೆ! ರಕ್ತ ತೆಳುವಾಗುವ ಗುಳಿಗೆ ಒಂದು ದಿನವೂ ತಪ್ಪಬಾರದು ಎಂದು ನೀನು ಹೇಳಿದ್ದನ್ನೇ ಅವರೂ ಹೇಳಿದರು. ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.

ತಾಂಡೂರಿನ ದಾರಿ ಬೇಡ. ಡ್ರೈವರು ನೀರಿಲ್ಲ ಅಂದರೂ ಬೇಡ, ಮ್ಯಾಪಿನಲ್ಲಿ ಖುಲ್ಲಾ ತೋರಿಸಿದರೂ ಬೇಡ. ಎರಡು ತಾಸು ತಡವಾಗಿ ಬಾ.

ಹುಮನಾಬಾದ್ ದಾಟಿದ ಕೂಡಲೆ ಫೋನ್ ಮಾಡು. ನಾನು ಕೆಳಗೆ ಗೇಟಿಗೆ ಬಂದು ನಿಂತಿರುತ್ತೇನೆ. ಒಳಗೆ ಒಬ್ಬರಿಗೇ ಪಾಸು, ಮೂರು ದಿನದಿಂದ ನನ್ನ ಅಂಗಿಯ ಜೇಬಿನಲ್ಲೇ ಇದೆ. ನೀನು ಬಂದ ಮೇಲೆ ಅದು ನಿನಗೆ, ನಾನು ಹೊರಗೆ ಬೆಂಚಿನ ಮೇಲೆ ಕೂಡುತ್ತೇನೆ.

ನಿನ್ನ ಅಪ್ಪ