ಮೊದಲ ಬ್ಯಾಂಡ್ ಶುರುವಾಗುವ ಮೊದಲೇ ಹೋಗು

ಪ್ರೀತಿಯ ಗೆಳೆಯ,

ನೀನು ಕಳಿಸಿದ ಫೋಟೋ ಸಿಕ್ಕಿತು. ಗೋಡೆಗೆ ಅಂಟಿಸಿದ್ದ ಆ ಪೋಸ್ಟರನ್ನು ದೊಡ್ಡದು ಮಾಡಿಕೊಂಡು ಎರಡೆರಡು ಸಲ ಓದಿದೆ. ಹೊಸ ಊರು, ಸಂಜೆಯಾದರೆ ಏನು ಮಾಡೋದು ಅಂತ ತಿಳಿಯುವುದಿಲ್ಲ ಅಂದಿದ್ದೆಯಲ್ಲ, ಅದಕ್ಕೆ ಉತ್ತರ ಆ ಪೋಸ್ಟರಿನಲ್ಲೇ ಇದೆ. ಒಂದೇ ತಿಂಗಳಲ್ಲಿ ನಾಲ್ಕು ರಾತ್ರಿ ಸಂಗೀತ! "ಒಬ್ಬರ ಹೆಸರೂ ಗೊತ್ತಿಲ್ಲ, ಯಾವುದಕ್ಕೆ ಹೋಗಲಿ?" ಅಂತ ಕೇಳಿದ್ದೀಯ. ಅವರ ಹೆಸರು ನನಗೂ ಗೊತ್ತಿಲ್ಲ ಕಣೋ. ಆದರೂ ಎಲ್ಲಿಗೆ ಹೋಗಬೇಕು ಅಂತ ಹೇಳಬಲ್ಲೆ.

ಎರಡನೇ ಶುಕ್ರವಾರದ್ದಕ್ಕೆ ಹೋಗು. ಮೂರು ಬ್ಯಾಂಡ್ ಒಂದೇ ರಾತ್ರಿ ನುಡಿಸುತ್ತಾರಲ್ಲ, ಅದಕ್ಕೆ. ಪೋಸ್ಟರಿನಲ್ಲಿ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿರುವ ಹೆಸರು ನೋಡಿದೆಯಾ? ಅವರು ಶುರು ಮಾಡುವ ಮೊದಲೇ ನೀನು ಒಳಗಿರಬೇಕು.

ಮೊದಲ ಶನಿವಾರ ಹಳೆಯ ಹೆಸರಾಂತ ಹಾಡುಗಳ ರಾತ್ರಿ ಇದೆ. ಅದು ಕೆಟ್ಟದ್ದಲ್ಲ, ಎಲ್ಲರೂ ಜೊತೆಗೆ ಹಾಡುತ್ತಾರೆ, ಖುಷಿಯಾಗುತ್ತೆ. ಆದರೆ ಆ ಹಾಡುಗಳು ನಿನ್ನ ಫೋನಿನಲ್ಲಿ ಆಗಲೇ ಇವೆ. ಬುಧವಾರದ್ದು ಒಬ್ಬರೇ ಗಿಟಾರ್ ಹಿಡಿದು ಕೂತು ಹಾಡುವ ಕಾರ್ಯಕ್ರಮ. ಮನಸ್ಸು ಬೇಸರವಾಗಿದ್ದ ದಿನ ಹೋಗಲು ಒಳ್ಳೆಯದು. ಕೊನೆಯ ಶನಿವಾರ ಒಂದು ಬ್ಯಾಂಡ್ ತನ್ನ ಮೊದಲ ಆಲ್ಬಂ ಬಿಡುಗಡೆ ಮಾಡುತ್ತಿದೆ. ಅದಕ್ಕೂ ಹೋಗು. ಎರಡು ಮೂರು ವರ್ಷ ಕಟ್ಟಿದ್ದನ್ನೆಲ್ಲ ಒಂದೇ ರಾತ್ರಿ ಜನರ ಮುಂದೆ ಇಡುತ್ತಾರೆ. ಬ್ಯಾಂಡಿನ ಅಮ್ಮ ಅಪ್ಪ ಕೂಡ ಬಂದು ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ.

ಆದರೆ ಒಂದಕ್ಕೇ ಹೋಗಲು ಆಗೋದಾದರೆ ಆ ಶುಕ್ರವಾರ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಿನಗೆ ಹಿಂದೆ ಯಾವತ್ತೂ ಹೇಳದ ಒಂದು ಸಂಗತಿ ಇದೆ.

ಏಳೆಂಟು ವರ್ಷದ ಹಿಂದೆ ನಾನು ಹೆಸರು ಮಾಡಿದ ಒಂದು ಬ್ಯಾಂಡನ್ನು ನೋಡಲು ಹೋಗಿದ್ದೆ. ಟಿಕೆಟ್‌ ಮೇಲಿದ್ದ ಸಮಯಕ್ಕೆ ಸರಿಯಾಗಿ ಹೋಗಿಬಿಟ್ಟೆ. ಒಳಗೆ ಹದಿನೈದು ಜನ ಇದ್ದರೆ ಹೆಚ್ಚು. ವೇದಿಕೆ ಮೇಲೆ ಮೂವರು ಬಂದು ನಿಂತರು. ಗಿಟಾರ್, ಬಾಸ್ (ತಗ್ಗು ದನಿಯ ಗಿಟಾರ್), ಡ್ರಮ್ಸ್, ಅಷ್ಟೇ. ಎರಡನೇ ಹಾಡಿನ ನಡುವೆ ಗಿಟಾರಿನ ತಂತಿ ಕಿತ್ತುಹೋಯಿತು. ಆ ಹುಡುಗನ ಹತ್ತಿರ ಇನ್ನೊಂದು ಗಿಟಾರ್ ಇರಲಿಲ್ಲ. ವೇದಿಕೆಯ ಅಂಚಿನಲ್ಲಿ ಕೂತು ಹೊಸ ತಂತಿ ಕಟ್ಟತೊಡಗಿದ. ಬಾಸ್ ನುಡಿಸುತ್ತಿದ್ದ ಹುಡುಗಿ ಡ್ರಮ್ಸ್‌ನವನ ಕಡೆ ತಿರುಗಿ ಒಮ್ಮೆ ತಲೆ ಆಡಿಸಿದಳು. ಇಬ್ಬರೂ ನಿಲ್ಲಿಸಲಿಲ್ಲ. ಆ ಹಾಡಿನ ನಾಲ್ಕೇ ಸ್ವರಗಳನ್ನು ಹಿಡಿದುಕೊಂಡು ಸುತ್ತಿ ಸುತ್ತಿ ನುಡಿಸಿದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಮತ್ತೆ ಮೆಲ್ಲಗೆ. ಮೂರು ನಿಮಿಷವೋ ನಾಲ್ಕು ನಿಮಿಷವೋ. ಹದಿನೈದು ಜನರೂ ಕುಡಿಯುವುದು, ಮಾತಾಡುವುದು ಬಿಟ್ಟು ಮುಂದೆ ಬಂದಿದ್ದೆವು. ಹುಡುಗ ತಂತಿ ಸರಿಮಾಡಿಕೊಂಡು ಎದ್ದು ನಿಂತು ಗಿಟಾರ್ ಬಾರಿಸಿದಾಗ ನನ್ನ ಕಣ್ಣು ತುಂಬಿತ್ತು.

ಅವತ್ತು ನೋಡಲು ಹೋಗಿದ್ದ ದೊಡ್ಡ ಬ್ಯಾಂಡ್ ಏನು ನುಡಿಸಿತು ಅಂತ ಈಗ ನೆನಪಿಲ್ಲ. ಆ ಮೂವರು ವರ್ಷದೊಳಗೆ ಬೇರೆಯಾದರಂತೆ. ಒಂದು ಹಾಡನ್ನೂ ರೆಕಾರ್ಡ್ ಮಾಡಲಿಲ್ಲ. ಆ ನಾಲ್ಕು ನಿಮಿಷ ಅವತ್ತು ಅಲ್ಲಿದ್ದವರ ತಲೆಯೊಳಗೆ ಬಿಟ್ಟರೆ ಬೇರೆಲ್ಲೂ ಇಲ್ಲ.

ಹೀಗೆ ಬೇಗ ಹೋದವರಿಗೆ ಮಾತ್ರ ಸಿಕ್ಕ ರಾತ್ರಿಗಳು ರಾಕ್ ಸಂಗೀತದಲ್ಲಿ ಬೇಕಾದಷ್ಟಿವೆ. 1993ರ ಮೇ 31ರಂದು ಗ್ಲಾಸ್ಗೋದ ಕಿಂಗ್ ಟಟ್ಸ್ ಅನ್ನುವ ಸಣ್ಣ ಜಾಗದಲ್ಲಿ, ಮುಂದೆ ಭಾರೀ ಹೆಸರು ಮಾಡಿದ ಓಯಸಿಸ್ ಬ್ಯಾಂಡ್ ನುಡಿಸಿತು. ಅಲ್ಲಿ ಹಿಡಿಯುವುದೇ ಮುನ್ನೂರು ಜನ. ಅವತ್ತಿನ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಬೇರೆ ಬ್ಯಾಂಡಿನ ಜೊತೆ ಮ್ಯಾಂಚೆಸ್ಟರಿನಿಂದ ಬಂದು, ಕೇಳಿಕೊಂಡು, ಎಲ್ಲರಿಗಿಂತ ಮೊದಲು ನಾಲ್ಕು ಹಾಡು ನುಡಿಸಿದರು. ಕ್ರಿಯೇಷನ್ ರೆಕಾರ್ಡ್ಸ್ ಅನ್ನುವ ರೆಕಾರ್ಡ್ ಕಂಪನಿಯ ಅಲನ್ ಮೆಕ್‌ಗೀ ಅವತ್ತು ಬೇಗ ಬಂದಿದ್ದ. ಅಲ್ಲೇ ಅವರಿಗೆ ರೆಕಾರ್ಡ್ ಮಾಡುವ ಅವಕಾಶ ಕೊಟ್ಟ.

ಮ್ಯಾಂಚೆಸ್ಟರಿನದೇ ಇನ್ನೊಂದು ಕತೆ ನನಗೆ ಇದಕ್ಕಿಂತ ಇಷ್ಟ. 1976ರ ಜೂನ್ 4ರಂದು ಅಲ್ಲಿನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಅನ್ನುವ ಬ್ಯಾಂಡಿನವರು ನುಡಿಸಿದರು. ಬಂದಿದ್ದವರು ಸುಮಾರು ನಲವತ್ತು ಜನ ಅಂತಾರೆ. ಅವರಲ್ಲಿ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್ ಇದ್ದರು. ಹುಕ್ ಮಾರನೇ ದಿನವೇ ಹೋಗಿ ಬಾಸ್ ಗಿಟಾರ್ ಕೊಂಡುಕೊಂಡ. ಇಬ್ಬರೂ ಸೇರಿ ಕಟ್ಟಿದ ಬ್ಯಾಂಡೇ ಮುಂದೆ ಜಾಯ್ ಡಿವಿಷನ್ ಆಯಿತು. ಮುಂದೆ ದಿ ಸ್ಮಿತ್ಸ್‌ನಲ್ಲಿ ಹಾಡಿದ ಮಾರಿಸ್ಸಿ ಕೂಡ ಆ ಹಾಲ್‌ನಲ್ಲಿದ್ದ. ಆ ಕಾರ್ಯಕ್ರಮ ಏರ್ಪಡಿಸಿದವರು ಯಾವ ದೊಡ್ಡ ಕಂಪನಿಯವರೂ ಅಲ್ಲ, ಹೋವರ್ಡ್ ಡಿವೋಟೊ, ಪೀಟ್ ಶೆಲ್ಲಿ ಅನ್ನುವ ಇಬ್ಬರು ಹುಡುಗರು. ಅವರದೇ ಬ್ಯಾಂಡ್ ಬಜ್‌ಕಾಕ್ಸ್. 1977ರ ಜನವರಿಯಲ್ಲಿ ಅವರು ಸಾಲ ಮಾಡಿ, ತಮ್ಮದೇ ಲೇಬಲ್ಲಿನಲ್ಲಿ, ಅಂದರೆ ಸ್ವಂತ ರೆಕಾರ್ಡ್ ಕಂಪನಿಯಲ್ಲಿ, ಮೊದಲ ರೆಕಾರ್ಡ್ ತಂದರು. ಮೊದಲಿಗೆ ಹಾಕಿಸಿದ್ದು 1000 ಪ್ರತಿ ಮಾತ್ರ. ಯಾರನ್ನೂ ಕಾಯದೆ ನಾವೇ ಮಾಡಿಕೊಳ್ಳಬಹುದು ಅಂತ ಅದನ್ನು ನೋಡಿದ ಎಷ್ಟೋ ಬ್ಯಾಂಡುಗಳಿಗೆ ಅನ್ನಿಸಿತು. ದೊಡ್ಡ ಕಂಪನಿಗಳನ್ನು ನೆಚ್ಚದೆ ಮಾಡುವ, ಇಂಡೀ ಅಂತ ನಾವು ಈಗ ಕರೆಯುವ ಸಂಗೀತಕ್ಕೆ ಅಂಥ ರೆಕಾರ್ಡುಗಳೇ ಬೇರು.

ಆದ್ದರಿಂದ ಯಾರಾದರೂ ಸ್ವಂತ ಹಾಡು ನುಡಿಸುತ್ತೇವೆ ಅಂದರೆ ನನಗೆ ಅವರ ಮೇಲೆ ಗೌರವ ಬರುತ್ತೆ. ಗೊತ್ತಿರುವ ಹಾಡು ನುಡಿಸಿದರೆ ಚಪ್ಪಾಳೆ ಖಚಿತ. ಯಾರೂ ಕೇಳಿರದ ಹಾಡು ನುಡಿಸುವವರಿಗೆ ಆ ಭರವಸೆ ಇಲ್ಲ. ನ್ಯೂಯಾರ್ಕಿನಲ್ಲಿ ಹಿಲಿ ಕ್ರಿಸ್ಟಲ್ 1973ರಲ್ಲಿ ಸಿಬಿಜಿಬಿ ಅನ್ನುವ ಕ್ಲಬ್ ಶುರು ಮಾಡಿದಾಗ ಅದು ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಸಂಗೀತದ ಜಾಗ ಆಗಬೇಕಿತ್ತು. ಹೆಸರಿನ ಅರ್ಥವೇ ಅದು. ಆದರೆ ಅಲ್ಲಿಗೆ ಬಂದವರು ರಾಕ್ ಸಂಗೀತದವರು: ರಮೋನ್ಸ್, ಟೆಲಿವಿಷನ್, ಪ್ಯಾಟಿ ಸ್ಮಿತ್, ಬ್ಲಾಂಡಿ, ಟಾಕಿಂಗ್ ಹೆಡ್ಸ್. ಅವನು ಇಟ್ಟಿದ್ದ ಷರತ್ತು ಮುಖ್ಯವಾಗಿ ಒಂದೇ: ನಿಮ್ಮ ಸ್ವಂತ ಹಾಡು ನುಡಿಸಿ. ಆ ಜಾಗ 2006ರಲ್ಲಿ ಮುಚ್ಚಿತು. ಕೊನೆಯ ರಾತ್ರಿ ಹಾಡಿದ್ದು ಪ್ಯಾಟಿ ಸ್ಮಿತ್.

ಈಗ ಆ ಶುಕ್ರವಾರ ನೀನು ಒಳಗೆ ಹೋದ ಮೇಲೆ ಏನಾಗುತ್ತೆ ಅಂತ ಹೇಳುತ್ತೇನೆ, ಗೊತ್ತಿದ್ದರೆ ಒಳ್ಳೆಯದು.

ಮೊದಲ ಬ್ಯಾಂಡಿನ ಮೊದಲ ಹಾಡು ಚೆನ್ನಾಗಿ ಕೇಳಿಸದೆ ಇರಬಹುದು. ಅದು ಅವರ ತಪ್ಪಲ್ಲ. ಸಂಜೆ ಸೌಂಡ್ ಚೆಕ್, ಅಂದರೆ ಕಾರ್ಯಕ್ರಮಕ್ಕೆ ಮುಂಚೆ ಸೌಂಡ್ ಹೊಂದಿಸಿ ನೋಡುವುದು, ಸಾಮಾನ್ಯವಾಗಿ ಉಲ್ಟಾ ಕ್ರಮದಲ್ಲಿ ನಡೆಯುತ್ತೆ. ಕೊನೆಗೆ ನುಡಿಸುವ ದೊಡ್ಡ ಬ್ಯಾಂಡ್ ಮೊದಲು ಮಾಡಿಕೊಳ್ಳುತ್ತೆ, ಮೊದಲು ನುಡಿಸುವವರ ಸರದಿ ಕೊನೆಗೆ. ಅಷ್ಟು ಹೊತ್ತಿಗೆ ಬಾಗಿಲು ತೆರೆಯುವ ಸಮಯ ಆಗಿರುತ್ತೆ. ಎಷ್ಟೋ ಸಲ ಅವರಿಗೆ ಸಿಗುವುದು ವೈರು ಸರಿ ಇದೆಯಾ, ಮೈಕ್ ಕೆಲಸ ಮಾಡುತ್ತಾ ಅಂತ ನೋಡಿಕೊಳ್ಳುವಷ್ಟು ಹೊತ್ತು ಮಾತ್ರ. ಜೊತೆಗೆ, ಖಾಲಿ ಹಾಲ್‌ನಲ್ಲಿ ಹೊಂದಿಸಿದ ಸೌಂಡ್ ತುಂಬಿದ ಹಾಲ್‌ನಲ್ಲಿ ಹಾಗೇ ಉಳಿಯುವುದಿಲ್ಲ. ಜನರ ಮೈ, ಬಟ್ಟೆ ಎಲ್ಲ ಶಬ್ದ ಹೀರಿಕೊಳ್ಳುತ್ತವೆ. ಅದರಲ್ಲೂ ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆಗಳಾದ ಸಿಂಬಲ್ಸ್‌ನಂಥ ಚೂಪು ದನಿಗಳನ್ನು ಜಾಸ್ತಿ. ಸೌಂಡ್ ಇಂಜಿನಿಯರ್ ಮೊದಲ ಹಾಡು ನಡೆಯುತ್ತಿರುವಾಗಲೇ ಇದನ್ನೆಲ್ಲ ಸರಿ ಮಾಡಬೇಕು. ಅದಕ್ಕೇ ನಾನು ಯಾವ ಬ್ಯಾಂಡನ್ನೂ ಮೂರನೇ ಹಾಡಿನವರೆಗೆ ಅಳೆಯುವುದಿಲ್ಲ. ನೀನೂ ಅಳೆಯಬೇಡ.

ನಿಲ್ಲುವ ಜಾಗವೂ ಮುಖ್ಯ. ತೀರಾ ಮುಂದೆ ನಿಂತರೆ ಡ್ರಮ್ಸ್ ಮತ್ತು ಗಿಟಾರ್ ಆಂಪಿನ (ಗಿಟಾರಿನ ದನಿ ಜೋರು ಮಾಡುವ ಪೆಟ್ಟಿಗೆಯ) ಶಬ್ದ ನೇರ ಎದೆಗೆ ಬರುತ್ತೆ, ಆದರೆ ಹಾಡುವವರ ದನಿ ಎರಡೂ ಪಕ್ಕದ ದೊಡ್ಡ ಸ್ಪೀಕರಿನಿಂದ ಬರುವುದರಿಂದ ಮಾತು ಸರಿಯಾಗಿ ತಿಳಿಯುವುದಿಲ್ಲ. ಗೋಡೆ ಮೂಲೆಗೆ ಹೋದರೆ ಬಾಸ್ ಗುಂಯ್‌ಗುಟ್ಟುತ್ತೆ. ಸೌಂಡ್ ಹೊಂದಿಸುವ ಮಿಕ್ಸರ್ ಯಂತ್ರ ಇಟ್ಟಿರುವ ಮೇಜಿನ ಹತ್ತಿರ, ಸ್ವಲ್ಪ ಮುಂದೆ ನಿಲ್ಲು. ಇಂಜಿನಿಯರ್ ತನ್ನ ಕಿವಿಗೆ ಹೇಗೆ ಕೇಳುತ್ತೋ ಹಾಗೆ ಹೊಂದಿಸುತ್ತಾನೆ, ಆದ್ದರಿಂದ ಅಲ್ಲೇ ಸೌಂಡ್ ಸರಿಯಾಗಿರುತ್ತೆ. ಒಂದೆರಡು ಹಾಡು ಅಲ್ಲಿ ಕೇಳಿ, ಆಮೇಲೆ ಬೇಕಾದರೆ ಮುಂದೆ ಹೋಗು. ಬೆವರು, ನೂಕುನುಗ್ಗಲು, ಡ್ರಮ್ಸ್‌ನವನ ಮುಖ ಹತ್ತಿರದಿಂದ ಕಾಣುವುದು, ಅದೂ ಬೇಕಲ್ವಾ?

ಮುಂದೆ ಹೋಗುವುದಾದರೆ ಕಿವಿ ಮುಚ್ಚಿಕೊಂಡೇ ಹೋಗು. ಇದನ್ನು ಸುಮ್ನೆ ಹೇಳುತ್ತಿಲ್ಲ. ಒಮ್ಮೆ ನಾನು ಸ್ಪೀಕರಿನ ಪಕ್ಕದಲ್ಲೇ ಎರಡು ಗಂಟೆ ನಿಂತಿದ್ದೆ. ಮೂರು ದಿನ ಕಿವಿಯಲ್ಲಿ ಕುಯ್ ಅನ್ನುವ ಸದ್ದು ನಿಲ್ಲಲಿಲ್ಲ. ಮೂರನೇ ರಾತ್ರಿ ಅದು ಇನ್ನು ಹೋಗುವುದೇ ಇಲ್ಲವೇನೋ ಅಂತ ಹೆದರಿ ನಿದ್ದೆ ಬರದೆ ಕೂತಿದ್ದೆ. ಹೋಯಿತು, ಪುಣ್ಯ. ಎಲ್ಲರಿಗೂ ಹೋಗುವುದಿಲ್ಲ. ದಿ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ತನ್ನ ಕಿವಿಯ ಈ ತೊಂದರೆ ಬಗ್ಗೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಕೆಲಸದ ಜಾಗದ ಶಬ್ದಕ್ಕೆ ಅಮೆರಿಕದ ತಜ್ಞರು ಇಟ್ಟಿರುವ ಲೆಕ್ಕ ಹೀಗಿದೆ: 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತೆ. ಹಾಗೆ ಇಳಿಯುತ್ತಾ 100 ಡೆಸಿಬೆಲ್‌ಗೆ ಬಂದರೆ ಉಳಿಯುವುದು ಬರೀ 15 ನಿಮಿಷ. ಸಣ್ಣ ಹಾಲ್‌ನ ರಾಕ್ ಕಾರ್ಯಕ್ರಮ ಸುಲಭವಾಗಿ ಆ ಮಟ್ಟ ಮುಟ್ಟುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಸರಾಸರಿ 100 ಡೆಸಿಬೆಲ್ ಮಿತಿ ಇರಲಿ, ಬಂದವರಿಗೆ ಇಯರ್‌ಪ್ಲಗ್ ಸಿಗಲಿ, ಕಿವಿಗೆ ವಿರಾಮ ಕೊಡಲು ಒಂದು ಶಾಂತವಾದ ಮೂಲೆ ಇರಲಿ ಅಂತ ಹೇಳಿದೆ. ಸಂಗೀತಗಾರರು ಬಳಸುವ ಇಯರ್‌ಪ್ಲಗ್ ತಗೋ. ಹತ್ತಿ ತುರುಕಿದ ಹಾಗೆ ಎಲ್ಲ ಮಂಕಾಗುವುದಿಲ್ಲ. ಅದೇ ಸಂಗೀತ, ಕಡಿಮೆ ಜೋರಾಗಿ ಕೇಳುತ್ತೆ. ಎಷ್ಟೋ ಸಲ ಅದನ್ನು ಹಾಕಿಕೊಂಡ ಮೇಲೇ ಹಾಡಿನ ಮಾತು ನನಗೆ ಸ್ಪಷ್ಟವಾಗಿ ತಿಳಿದಿದೆ.

ಟಿಕೆಟನ್ನು ಮುಂಚೆಯೇ ತಗೋ, ದಯವಿಟ್ಟು. ಬಾಗಿಲಲ್ಲಿ ಸಿಗುತ್ತೆ, ಆಗ ನೋಡೋಣ ಅಂತ ಬಿಡಬೇಡ. ಸಣ್ಣ ಜಾಗ ನಡೆಸುವವರಿಗೆ ಆ ವಾರ ಎಷ್ಟು ಜನ ಬರುತ್ತಾರೆ ಅನ್ನುವುದೇ ದೊಡ್ಡ ಚಿಂತೆ. ಟಿಕೆಟ್ ಹೋಗದಿದ್ದರೆ ಮುಂದಿನ ತಿಂಗಳು ಹೊಸ ಬ್ಯಾಂಡಿಗೆ ಜಾಗ ಕೊಡಲು ಹಿಂಜರಿಯುತ್ತಾರೆ. ಬಾಡಿಗೆ, ಕರೆಂಟು, ಸೌಂಡ್‌ನವರ ಸಂಬಳ ಮಾತ್ರ ಜನ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಬ್ರಿಟನ್ನಿನಲ್ಲಿ ಇಂಥ ಸಣ್ಣ ಜಾಗಗಳನ್ನು ಉಳಿಸಲು 2014ರಲ್ಲಿ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಅಂತ ಒಂದು ಸಂಸ್ಥೆಯೇ ಹುಟ್ಟಿಕೊಂಡಿತು. ಅವರ ಲೆಕ್ಕದ ಪ್ರಕಾರ 2023ರ ಒಂದೇ ವರ್ಷದಲ್ಲಿ ಅಲ್ಲಿ 125 ಜಾಗಗಳಲ್ಲಿ ಲೈವ್ ಸಂಗೀತ ನಿಂತುಹೋಯಿತು. ಅದನ್ನು ಓದಿದ ದಿನ ನನಗೆ ಆ ಹದಿನೈದು ಜನರ ಹಾಲ್ ನೆನಪಾಯಿತು. ಅದೂ ಈಗ ಇಲ್ಲ ಕಣೋ. ನಾವು ಇನ್ನೂ ಸ್ವಲ್ಪ ಜಾಸ್ತಿ ಸಲ ಹೋಗಿದ್ದರೆ ಉಳಿಯುತ್ತಿತ್ತೇನೋ.

ಒಂದು ಬ್ಯಾಂಡ್ ಇಷ್ಟವಾದರೆ ಒಂದೇ ಸಲಕ್ಕೆ ಬಿಡಬೇಡ, ಮುಂದಿನ ತಿಂಗಳೂ ಹೋಗು. ಲಿವರ್‌ಪೂಲಿನ ಕ್ಯಾವರ್ನ್ ಕ್ಲಬ್ಬಿನಲ್ಲಿ ಬೀಟಲ್ಸ್ 1961ರಿಂದ 1963ರ ಒಳಗೆ 292 ಸಲ ನುಡಿಸಿದರು ಅಂತ ಆ ಕ್ಲಬ್ಬಿನವರೇ ಹೇಳುತ್ತಾರೆ. ಅದರಲ್ಲಿ ಎಷ್ಟೋ ಮಧ್ಯಾಹ್ನ ಊಟದ ಹೊತ್ತಿನವು. ಆಫೀಸಿನ ಕೆಲಸದವರು ಬಿಡುವಿನಲ್ಲಿ ಬಂದು ಕೇಳಿ ಹೋಗುತ್ತಿದ್ದರು. ಅವರನ್ನು ನೆನೆದರೆ ನನಗೆ ಹೊಟ್ಟೆಕಿಚ್ಚಾಗುತ್ತೆ. ಆ ಬ್ಯಾಂಡ್ ವಾರದಿಂದ ವಾರಕ್ಕೆ ಹೇಗೆ ಬೆಳೆಯಿತು ಅಂತ ಅವರು ಕಣ್ಣಾರೆ ನೋಡಿದರು. ಹೋದ ತಿಂಗಳು ತಡವರಿಸಿದ ಹಾಡು ಈ ತಿಂಗಳು ಗಟ್ಟಿಯಾಗಿರುತ್ತೆ. ಒಂದು ಸಾಲು ಬದಲಾಗಿರುತ್ತೆ. ನಿನಗೆ ಮಾತ್ರ ಅದು ಗೊತ್ತಾಗುತ್ತೆ.

ಕಾರ್ಯಕ್ರಮ ಮುಗಿದ ತಕ್ಷಣ ಹೊರಡಬೇಡ. ಬ್ಯಾಂಡಿನವರೇ ವೈರು ಸುತ್ತುತ್ತಾ, ಡ್ರಮ್ಸ್ ಬಿಚ್ಚುತ್ತಾ ಇರುತ್ತಾರೆ. ಹತ್ತಿರ ಹೋಗಿ ಯಾವ ಹಾಡು ಹಿಡಿಸಿತು ಅಂತ ಹೇಳು. "ಚೆನ್ನಾಗಿತ್ತು" ಅಂದರೆ ಸಾಲದು. "ನಾಲ್ಕನೇ ಹಾಡಿನಲ್ಲಿ ಎಲ್ಲ ನಿಲ್ಲಿಸಿ ಬಾಸ್ ಒಂದೇ ಉಳಿಯಿತಲ್ಲ, ಅದು" ಅಂತ ಹೇಳು. ಆ ಮೂವರಿಗೆ ನಾನು ಅವತ್ತು ಏನೂ ಹೇಳಲಿಲ್ಲ. ನಾಚಿಕೆ ಆಯಿತು, ಸುಮ್ನೆ ಪಕ್ಕದಲ್ಲೇ ಹಾದು ಬಂದೆ. ಅದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತೆ. ಟಿ ಶರ್ಟೋ ಸಿಡಿಯೋ ಮಾರುತ್ತಿದ್ದರೆ ಒಂದು ತಗೋ. ಆ ದುಡ್ಡಿನಲ್ಲಿ ಅವರ ವಾಪಸ್ ಹೋಗುವ ಖರ್ಚು ಹುಟ್ಟುತ್ತೆ.

ನನ್ನ ಹತ್ತಿರ ಹೊಸ ಇಯರ್‌ಪ್ಲಗ್ ಒಂದು ಜೊತೆ ಇತ್ತು, ನಿನ್ನೆ ಕೊರಿಯರ್ ಮಾಡಿದ್ದೇನೆ. ಶುಕ್ರವಾರಕ್ಕೆ ಮೊದಲೇ ಕೈಸೇರುತ್ತೆ. ಶನಿವಾರ ಎದ್ದ ಮೇಲೆ ಮೂರೂ ಬ್ಯಾಂಡಿನ ಬಗ್ಗೆ ಬರೆದು ಕಳಿಸು. ಮೊದಲು ನುಡಿಸಿದವರ ಬಗ್ಗೆ ಜಾಸ್ತಿ ಬರಿ. ಅವರ ಡ್ರಮ್ಸ್‌ನವರು ಹೇಗೆ ಬಾರಿಸಿದರು ಅಂತ ಮರೆಯದೆ ಹೇಳು.

ನಿನ್ನ ಗೆಳೆಯ