ಬೀಡಿಯ ಜೊತೆಗೊಂದು ಮಾತ್ರೆ

ಮಾನ್ಯರೆ,

ನಮ್ಮ ಯಜಮಾನರಿಗೆ 62 ವರ್ಷ. ದಿನಕ್ಕೊಂದು ಕಟ್ಟು ಬೀಡಿ ಬೇಕೇ ಬೇಕು. ಹೋದ ವಾರ ಔಷಧಿ ಅಂಗಡಿಯಿಂದ ಒಂದು ಡಬ್ಬಿ ಮಾತ್ರೆ ತಂದರು. ‘ಬೀಟಾ ಕ್ಯಾರೊಟಿನ್ ಅಂತೆ ಕಣೇ, ಕ್ಯಾನ್ಸರ್ ಹತ್ತಿರ ಸುಳಿಯಲ್ವಂತೆ’ ಎಂದರು. ಕ್ಯಾರೆಟ್ಟು, ಸೊಪ್ಪಿನಲ್ಲಿರುವ ಈ ವಸ್ತು ನಮ್ಮ ದೇಹದಲ್ಲಿ ವಿಟಮಿನ್ ‘ಎ’ ಆಗುತ್ತದೆ. ಒಂದು ನುಂಗಿ, ನೀರು ಕುಡಿದು, ಜಗುಲಿಗೆ ಹೋಗಿ ಬೀಡಿ ಹಚ್ಚಿದರು!

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು, ಸುಮ್ನೆ ಇರಲಾಗಲಿಲ್ಲ. ಹೊಗೆಯಲ್ಲಿರುವ ಬೆಂಜೊಪೈರೀನ್ ಎಂಬ ವಿಷ ದೇಹದೊಳಗೆ ರೂಪ ಬದಲಿಸಿ ಜೀವಕೋಶದ ಡಿಎನ್‌ಎಗೇ ಅಂಟಿಕೊಳ್ಳುತ್ತದೆ. ಇಂಥ ಪೆಟ್ಟನ್ನು ವಿಟಮಿನ್ ತಡೆಯಬಹುದು ಎಂಬ ಆಸೆ ವಿಜ್ಞಾನಿಗಳಿಗೂ ಇತ್ತು. ಫಿನ್ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲ ತಿರುಗುಮುರುಗು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ! ಅಮೆರಿಕದಲ್ಲಿ ಇಂಥದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಕ್ಯಾರೆಟ್ಟು, ನುಗ್ಗೆಸೊಪ್ಪು ತಿನ್ನಲು ಹೆದರಬೇಕಿಲ್ಲ. ಮಾತ್ರೆಯ ಮಾತೇ ಬೇರೆ. ಕೊಡುವ ಮೊದಲು ‘ಬೀಡಿ ಸೇದ್ತೀರಾ?’ ಎಂದು ಅಂಗಡಿಯವರು ಒಂದು ಮಾತು ಕೇಳಬಹುದಿತ್ತು, ಅಲ್ವಾ? ಧೂಮಪಾನಿಗಳಿಗೆ ಎಚ್ಚರಿಕೆಯನ್ನು ಡಬ್ಬಿಯ ಮೇಲೆ ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ ಹಾಕಲಿ.

ಡಬ್ಬಿ ಈಗ ನನ್ನ ಬೀರುವಿನಲ್ಲಿದೆ. ಬೀಡಿ ಕಟ್ಟು ಮಾತ್ರ ಇನ್ನೂ ಅವರ ಜೇಬಿನಲ್ಲೇ.

– ನಿವೃತ್ತ ಶಿಕ್ಷಕಿ, ತಿಪಟೂರು